ರೆಟಿನಾ ಕಳಚಿದಾಗ ಗ್ಯಾಸ್, ಬಕಲ್, ವಿಟ್ರೆಕ್ಟಮಿ: ಯಾವ ಕಣ್ಣಿಗೆ ಯಾವುದು?

'ಕಣ್ಣಿನ ಪರದೆ ಬಿಟ್ಟಿದೆ, ಆಪರೇಷನ್ ಆಗಬೇಕು' ಎಂದು ಡಾಕ್ಟರು ಹೇಳಿದ ಮೇಲೆ ಮನೆಯವರೆಲ್ಲ ಕೇಳುವುದು ಒಂದೇ: 'ಈಗ ಎಲ್ಲಕ್ಕಿಂತ ಹೊಸದು ಯಾವುದು ಬಂದಿದೆ? ಅದನ್ನೇ ಮಾಡಿ.' ಈ ಪರದೆಯ, ಅಂದರೆ ರೆಟಿನಾದ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕಣ್ಣಿನ ಹೊರಗೋಡೆಗೆ ಪಟ್ಟಿ ಹೊಲಿಯುವ ಬಕಲ್ ಬಳಕೆಗೆ ಬಂದದ್ದು 1950ರ ಸುಮಾರಿಗೆ, ಕಣ್ಣಿನೊಳಗಿನ ಲೋಳೆಯನ್ನು ತೆಗೆಯುವ ವಿಟ್ರೆಕ್ಟಮಿ 1970ರ ದಶಕದ ಆರಂಭದಲ್ಲಿ. ಈ ಸಾಲಿನಲ್ಲಿ ಕೊನೆಗೆ, 1980ರ ದಶಕದಲ್ಲಿ ಬಂದದ್ದು ನೋಡಲು ಎಲ್ಲಕ್ಕಿಂತ ಚಿಕ್ಕದಾದ ಗ್ಯಾಸ್ ಇಂಜೆಕ್ಷನ್. ಮೂರೂ ಇವತ್ತಿಗೂ ಚಾಲ್ತಿಯಲ್ಲಿವೆ, ಏಕೆಂದರೆ ಮೂರೂ ಬೇರೆ ಬೇರೆ ಕಣ್ಣಿಗೆ ಹೊಂದುತ್ತವೆ. ಪರದೆಯಲ್ಲಿ ತೂತು ಎಲ್ಲಿದೆ, ಎಷ್ಟಿವೆ, ಒಳಗಿರುವುದು ಹುಟ್ಟಿನಿಂದ ಬಂದ ಲೆನ್ಸೋ ಪೊರೆ ತೆಗೆಸಿ ಹಾಕಿಸಿದ್ದೋ, ರೋಗಿಯ ವಯಸ್ಸೆಷ್ಟು, ಮುಂದಿನ ಎರಡು ವಾರ ಅವರು ಹೇಳಿದ ಭಂಗಿಯಲ್ಲಿ ಇರಬಲ್ಲರೇ, ಇಷ್ಟನ್ನು ನೋಡಿಯೇ ಆಯ್ಕೆ.

ಮೂರೂ ವಿಧಾನ ಮಾಡುವ ಕೆಲಸ ಮಾತ್ರ ಒಂದೇ. ಕಣ್ಣಿನೊಳಗೆ ತುಂಬಿರುವ ಲೋಳೆಗೆ ವಿಟ್ರಿಯಸ್ ಎನ್ನುತ್ತಾರೆ. ವಯಸ್ಸಾದಂತೆ, ಇಲ್ಲವೇ ಮೈನಸ್ ನಂಬರ್ ಹೆಚ್ಚಿದ್ದವರಲ್ಲಿ ಬೇಗನೆ, ಅದು ನೀರಾಗಿ ಕುಗ್ಗುತ್ತದೆ. ಕುಗ್ಗುವಾಗ ಲೋಳೆ ಗಟ್ಟಿಯಾಗಿ ಅಂಟಿಕೊಂಡಿದ್ದ ಕಡೆ ಪರದೆಯನ್ನು ಎಳೆದು ಹರಿಯಬಹುದು. ಹರಿದ ಜಾಗದಿಂದ ನೀರು ಪರದೆಯ ಹಿಂದಕ್ಕೆ ನುಗ್ಗಿ ಅದನ್ನು ಗೋಡೆಯಿಂದ ಬಿಡಿಸುತ್ತದೆ. ಸರ್ಜನ್ ಮಾಡಬೇಕಾದ್ದು ಮೂರು: ಎಲ್ಲಾ ತೂತುಗಳನ್ನೂ ಹುಡುಕುವುದು, ಅವುಗಳ ಸುತ್ತ ಲೇಸರ್‌ನಿಂದ ಅಥವಾ ಕ್ರಯೋ ಎಂಬ ಶೀತ ಚಿಕಿತ್ಸೆಯಿಂದ ಗಾಯದ ಅಂಟು ಹಾಕುವುದು, ಆ ಅಂಟು ಗಟ್ಟಿಯಾಗಲು ಬೇಕಾದ ಸುಮಾರು 10ರಿಂದ 14 ದಿನ ಪರದೆಯನ್ನು ಗೋಡೆಗೆ ಒತ್ತಿ ಹಿಡಿಯುವುದು. ಗ್ಯಾಸ್, ಬಕಲ್, ಎಣ್ಣೆ ಎಂಬ ವ್ಯತ್ಯಾಸವೆಲ್ಲ ಮುಖ್ಯವಾಗಿ ಈ ಮೂರನೆಯ ಕೆಲಸದ್ದು.

ಹೋಲಿಕೆಗೆ ಮೊದಲು ಎರಡು ವಿಷಯ ಬದಿಗಿಡಬೇಕು. ಸಕ್ಕರೆ ಕಾಯಿಲೆಯಿಂದ ಪರದೆಯ ಮೇಲೆ ಪಾಚಿಯಂಥ ಅಂಗಾಂಶ ಬೆಳೆದು ಎಳೆದು ಕಳಚಿದ್ದರೆ ಅಲ್ಲಿ ಗ್ಯಾಸೋ ಬಕಲೋ ಎಂಬ ಚರ್ಚೆಯೇ ಇಲ್ಲ, ವಿಟ್ರೆಕ್ಟಮಿಯೊಂದೇ ದಾರಿ. ಉರಿಯೂತದಿಂದಲೋ ಗೆಡ್ಡೆಯಿಂದಲೋ ನೀರು ಜಿನುಗಿ ತೂತಿಲ್ಲದೆ ಕಳಚಿದ್ದರೆ ಸಾಮಾನ್ಯವಾಗಿ ಮೂಲ ಕಾಯಿಲೆಗೇ ಔಷಧಿ. ಇಲ್ಲಿ ಮಾತಾಡುತ್ತಿರುವುದು ತೂತಿನಿಂದ ಆದ ಕಳಚುವಿಕೆಯ ಬಗ್ಗೆ ಮಾತ್ರ.

ಗಂಟೆಗಳ ಲೆಕ್ಕವೋ, ದಿನಗಳ ಲೆಕ್ಕವೋ

ಮೊದಲು ಕೇಳಬೇಕಾದ ಪ್ರಶ್ನೆ ಆಪರೇಷನ್ ಯಾವುದು ಎಂಬುದಲ್ಲ, 'ಮ್ಯಾಕುಲಾ ಉಳಿದಿದೆಯೇ?' ಎಂಬುದು. ಮ್ಯಾಕುಲಾ ಎಂದರೆ ಪರದೆಯ ನಡುಭಾಗ. ಅಕ್ಷರ ಓದುವುದು, ಮುಖ ಗುರುತಿಸುವುದು ಎಲ್ಲವೂ ಅಲ್ಲಿಂದ. ಅದು ಇನ್ನೂ ಅಂಟಿಕೊಂಡೇ ಇದ್ದರೆ, ಅಂದರೆ ಬದಿಯಿಂದ ಕಪ್ಪು ತೆರೆ ಬರುತ್ತಿದ್ದರೂ ನೇರ ನೋಟ ಚೆನ್ನಾಗಿದ್ದರೆ, ಅದೇ ತುರ್ತು ಕೇಸು. ಅದೇ ದಿನ, ತಪ್ಪಿದರೆ ಮಾರನೆಯ ದಿನ ಚಿಕಿತ್ಸೆ ಆಗಬೇಕು. 'ಇನ್ನೂ ಓದಲು ಆಗುತ್ತಿದೆ, ಹಬ್ಬ ಮುಗಿಸಿ ಹೋದರಾಯಿತು' ಎನ್ನುವವರು ಕಳೆದುಕೊಳ್ಳುವುದು ಇಲ್ಲೇ.

ಮ್ಯಾಕುಲಾ ಆಗಲೇ ಕಳಚಿದ್ದರೆ ಒಂದೆರಡು ದಿನ ತಡವಾದ ಮಾತ್ರಕ್ಕೆ ಎಲ್ಲವೂ ಮುಗಿದುಹೋಗುವುದಿಲ್ಲ. ಆದರೂ ಮೂರು ದಿನದೊಳಗೆ ಆದರೆ ಮೇಲು, ವಾರ ದಾಟಿದರೆ ಮರಳಿ ಬರುವ ದೃಷ್ಟಿ ಕಡಿಮೆಯಾಗುತ್ತಾ ಹೋಗುತ್ತದೆ. ಪರದೆ ಚೆನ್ನಾಗಿ ಅಂಟಿಯೂ ಓದುವ ದೃಷ್ಟಿ ಪೂರ್ತಿ ಬಾರದಿರುವುದು ಈ ಗುಂಪಿನಲ್ಲಿ ಸಾಮಾನ್ಯ. ಆಪರೇಷನ್ 'ಸಕ್ಸಸ್' ಎಂದು ಸರ್ಜನ್ ಹೇಳಿದರೆ ಪರದೆ ಅಂಟಿತು ಎಂದರ್ಥ, ಕಣ್ಣು ಮೊದಲಿನಂತೆ ಕಾಣುತ್ತದೆ ಎಂದಲ್ಲ. ಈ ವ್ಯತ್ಯಾಸ ಸಹಿ ಹಾಕುವ ಮೊದಲೇ ತಿಳಿದಿರಲಿ.

ಒಟಿ ಸಿಗುವವರೆಗೆ ಮಲಗುವ ರೀತಿಯೂ ಮುಖ್ಯ. ಪರದೆ ಮೇಲ್ಭಾಗದಲ್ಲಿ ಕಳಚಿದ್ದರೆ ದಿಂಬಿಲ್ಲದೆ ಅಂಗಾತ ಮಲಗಬೇಕು, ಬದಿಯಲ್ಲಿ ಕಳಚಿದ್ದರೆ ಆ ಬದಿಯೇ ಕೆಳಗೆ ಬರುವಂತೆ ಮಗ್ಗುಲಾಗಬೇಕು. ನೀರು ಮ್ಯಾಕುಲಾ ಕಡೆ ಹರಿಯುವುದು ಇದರಿಂದ ನಿಧಾನವಾಗುತ್ತದೆ. ಯಾವ ಮಗ್ಗುಲು ಎಂದು ನರ್ಸ್ ಹೇಳದಿದ್ದರೆ ನೀವೇ ಕೇಳಿ.

ಕೇಸ್‌ಶೀಟಿನ ಬಣ್ಣದ ಚಿತ್ರ

ಹಣೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಮಸೂರ ಹಿಡಿದು, ಕಣ್ಣಿನ ಅಂಚನ್ನು ಲೋಹದ ಸಣ್ಣ ಕಡ್ಡಿಯಿಂದ ಒತ್ತಿ ನೋಡಿದ ಮೇಲೆ ರೆಟಿನಾ ಡಾಕ್ಟರು ಕೇಸ್‌ಶೀಟಿನಲ್ಲಿ ಒಂದು ವೃತ್ತ ಬರೆದು ಬಣ್ಣ ತುಂಬುತ್ತಾರೆ. ನೀಲಿ ಎಂದರೆ ಕಳಚಿದ ಭಾಗ, ಕೆಂಪು ಎಂದರೆ ಅಂಟಿಕೊಂಡೇ ಇರುವ ಭಾಗ. ಕೆಂಪು ತುಂಬಿ ಸುತ್ತ ನೀಲಿ ಗೆರೆ ಎಳೆದದ್ದು ತೂತು. ಜಾಗವನ್ನು ಗಡಿಯಾರದ ಗಂಟೆಯಲ್ಲಿ ಹೇಳುತ್ತಾರೆ: 12 ಎಂದರೆ ನೆತ್ತಿ, 6 ಎಂದರೆ ಕೆಳಗೆ. ಈ ಚಿತ್ರದ ಫೋಟೋ ತೆಗೆದುಕೊಳ್ಳಿ. ಎರಡನೆಯ ಅಭಿಪ್ರಾಯಕ್ಕೆ ಹೋಗುವಾಗ ಹತ್ತು ಪುಟದ ರಿಪೋರ್ಟಿಗಿಂತ ಇದೊಂದೇ ಹೆಚ್ಚು ಹೇಳುತ್ತದೆ, ಆಯ್ಕೆಯ ಬಹುಪಾಲು ಇದರಲ್ಲೇ ನಿರ್ಧಾರವಾಗಿರುತ್ತದೆ. ರಕ್ತ ತುಂಬಿ ಒಳಗೇನೂ ಕಾಣದಿದ್ದರೆ ಮಾತ್ರ ಅಲ್ಟ್ರಾಸೌಂಡ್ ಬಿ-ಸ್ಕ್ಯಾನ್ ನೆರವಿಗೆ ಬರುತ್ತದೆ.

ಚಿತ್ರದಲ್ಲಿ ತೂತು ಇದ್ದು ನೀಲಿ ಇಲ್ಲದಿದ್ದರೆ, ಅಥವಾ ತೂತಿನ ಸುತ್ತ ಚೂರೇ ನೀಲಿ ಇದ್ದರೆ, ನೀವು ಅದೃಷ್ಟವಂತರು. ಒಪಿಡಿಯಲ್ಲೇ ಸುತ್ತ ಎರಡು ಮೂರು ಸಾಲು ಲೇಸರ್ ಹೊಡೆದು ಬೇಲಿ ಹಾಕಿ ಮನೆಗೆ ಕಳಿಸುತ್ತಾರೆ. ಬೇಲಿ ಬಲಿಯುವವರೆಗೆ ಹೊಸ ಮಿಂಚು, ಹೊಸ ನೆರಳು ಕಂಡರೆ ಅದೇ ದಿನ ವಾಪಸ್ ಹೋಗಬೇಕು.

ಗ್ಯಾಸ್ ಇಂಜೆಕ್ಷನ್

ವೈದ್ಯರ ಭಾಷೆಯಲ್ಲಿ ನ್ಯೂಮ್ಯಾಟಿಕ್ ರೆಟಿನೋಪೆಕ್ಸಿ. ಕಣ್ಣಿಗೆ ಅರಿವಳಿಕೆ ಕೊಟ್ಟು, 30 ಗೇಜಿನ ಕೂದಲೆಳೆ ಸೂಜಿಯಿಂದ, ಕರಿಗುಡ್ಡೆಯ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ಹಿಂದೆ ಚುಚ್ಚಿ ಶುದ್ಧ ಗ್ಯಾಸ್ ಬಿಡುತ್ತಾರೆ. ಸಿ3ಎಫ್8 ಆದರೆ ಸುಮಾರು 0.3 ಮಿಲಿಲೀಟರ್, ಎಸ್ಎಫ್6 ಆದರೆ 0.5ರ ಆಸುಪಾಸು. ಇಷ್ಟು ಚಿಕ್ಕ ಗುಳ್ಳೆ ಸಾಕಾಗುವುದು ಅದು ಒಳಗೆ ಹೋಗಿ ಹಿಗ್ಗುವುದರಿಂದ. ಎಸ್ಎಫ್6 ಒಂದೆರಡು ದಿನದಲ್ಲಿ ಎರಡು ಪಟ್ಟಾಗುತ್ತದೆ, ಸಿ3ಎಫ್8 ಮೂರು ನಾಲ್ಕು ದಿನದಲ್ಲಿ ನಾಲ್ಕು ಪಟ್ಟು. ಮೊದಲದು ಸುಮಾರು ಎರಡು ವಾರ ಇರುತ್ತದೆ, ಎರಡನೆಯದು ಆರರಿಂದ ಎಂಟು ವಾರ. ಒಳಗೆ ಜಾಗ ಮಾಡಿಕೊಡಲು ಕಣ್ಣಿನ ಮುಂಭಾಗದಿಂದ ಒಂದಿಷ್ಟು ನೀರು ತೆಗೆಯುತ್ತಾರೆ. ಇಂಜೆಕ್ಷನ್ ಆದ ಕೂಡಲೇ ಕೈ ಅಲ್ಲಾಡುವುದು ಕಾಣುತ್ತಿದೆಯೇ ಎಂದು ಕೇಳುವುದು ಸುಮ್ಮನೆ ಅಲ್ಲ. ಒತ್ತಡ ಏರಿ ರಕ್ತನಾಳ ಮುಚ್ಚಿಕೊಂಡಿದ್ದರೆ ನೋಟ ಆರಿಹೋಗುತ್ತದೆ, ಹಾಗಾದರೆ ತಕ್ಷಣ ಇನ್ನಷ್ಟು ನೀರು ತೆಗೆಯಬೇಕು. ಅಂಟಿನ ಕೆಲಸಕ್ಕೆ ಅದೇ ಹೊತ್ತಿಗೆ ಕ್ರಯೋ, ಇಲ್ಲವೇ ಪರದೆ ಕೂತ ಮೇಲೆ ಒಂದೆರಡು ದಿನದಲ್ಲಿ ಲೇಸರ್.

ಯಾರಿಗೆ ಹೊಂದುತ್ತದೆ? ತೂತು ಮೇಲಿನ ಎರಡು ಮೂರನೇ ಭಾಗದಲ್ಲಿ, ಅಂದರೆ 8 ಗಂಟೆಯಿಂದ 12ನ್ನು ದಾಟಿ 4 ಗಂಟೆಯವರೆಗಿನ ಜಾಗದಲ್ಲಿ ಇರಬೇಕು. ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವೂ ಹತ್ತಿರ ಹತ್ತಿರ, ಒಂದು ಗಂಟೆಯ ಅಳತೆಯೊಳಗೆ ಇರಬೇಕು. ಪರದೆ ಮಡಿಚಿ ಗಾಯದ ಅಂಗಾಂಶ ಬೆಳೆದಿರಬಾರದು, ಗ್ಲಾಕೋಮಾ (ಕಣ್ಣಿನ ಒತ್ತಡ ಏರಿ ನರ ಒಣಗುವ ಕಾಯಿಲೆ) ಜೋರಾಗಿರಬಾರದು. ತೂತು ಕೆಳಗಿದ್ದರೆ ಈ ವಿಧಾನ ಬಿಟ್ಟುಬಿಡಿ. ಗ್ಯಾಸ್ ಮೇಲಕ್ಕೇ ಏರುತ್ತದೆ, ರೋಗಿ ವಾರಗಟ್ಟಲೆ ತಲೆಕೆಳಗಾಗಿ ಇರಲು ಆಗುವುದಿಲ್ಲ.

ಇಲ್ಲಿ ಅರ್ಧ ಆಪರೇಷನ್ ಮಾಡುವವರು ರೋಗಿಯೇ. ಗುಳ್ಳೆ ತೂತಿನ ಮೇಲೆ ಕೂರುವಂತೆ ತಲೆ ಹಿಡಿಯಬೇಕು. ತೂತು 12 ಗಂಟೆಗಿದ್ದರೆ ನೆಟ್ಟಗೆ ಕೂತರೆ ಸಾಕು. ಬಲಗಣ್ಣಿನ ಕಿವಿಯ ಕಡೆಗಿದ್ದರೆ ಎಡ ಮಗ್ಗುಲಾಗಿ, ಎಡ ಕೆನ್ನೆ ದಿಂಬಿಗೆ ಆನುವಂತೆ ಮಲಗಬೇಕು. ನಿಯಮ ಇಷ್ಟೇ: ತೂತಿರುವ ಬದಿ ಆಕಾಶಕ್ಕೆ. ಎಚ್ಚರವಿರುವ ಹೊತ್ತಿನಲ್ಲಿ ಗಂಟೆಗೆ ಐವತ್ತು ನಿಮಿಷ ಭಂಗಿ, ಹತ್ತು ನಿಮಿಷ ಊಟ, ಬಚ್ಚಲು, ಬೆನ್ನು ನೆಟ್ಟಗೆ ಮಾಡುವುದಕ್ಕೆ ಎಂದು ಅನೇಕರು ಹೇಳುತ್ತಾರೆ. ನಿದ್ದೆಯಲ್ಲೂ ಅದೇ ಮಗ್ಗುಲು ಉಳಿಯಲು ಬೆನ್ನ ಹಿಂದೆ ಸುತ್ತಿದ ಜಮಖಾನ ಇಡಿ.

ಒಂದು ಸೂಕ್ಷ್ಮ ಉಂಟು. ಪರದೆ ಮೇಲಿನಿಂದ ಉಬ್ಬಿ ಮ್ಯಾಕುಲಾದ ಅಂಚಿಗೇ ಬಂದು ನಿಂತಿದ್ದರೆ, ಗುಳ್ಳೆ ಮೇಲೇರಿ ಒತ್ತಿದಾಗ ಹಿಂದಿನ ನೀರು ಮ್ಯಾಕುಲಾ ಕಡೆಗೇ ಸರಿಯಬಹುದು. ಅಂಥ ಕಡೆ ರೋಗಿಯನ್ನು ಮೊದಲು ಪೂರ್ತಿ ಬೋರಲು ಹಾಕಿ, ಗುಳ್ಳೆಯನ್ನು ಮ್ಯಾಕುಲಾದ ಮೇಲೆ ತಂದು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಲೆ ಎತ್ತಿಸುತ್ತಾರೆ. ನೀರು ತೂತಿನ ಕಡೆಗೆ ತಳ್ಳಿಸಿಕೊಂಡು ಹೊರಗೆ ಹೋಗುತ್ತದೆ. ಮನೆಗೆ ಹೋಗುವ ಆತುರದಲ್ಲಿ ಈ ಹಂತವನ್ನು ಅರ್ಧಕ್ಕೆ ಬಿಟ್ಟು ಏಳಬಾರದು.

ಟೊರಾಂಟೊದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪಿವಟ್ ಅಧ್ಯಯನ ಇಂಥ ಹೊಂದುವ ಕಣ್ಣುಗಳಲ್ಲೇ ಗ್ಯಾಸ್ ಮತ್ತು ವಿಟ್ರೆಕ್ಟಮಿಯನ್ನು ಹೋಲಿಸಿತು. ಒಂದೇ ಸಲಕ್ಕೆ ಪರದೆ ಅಂಟಿದ್ದು ಗ್ಯಾಸಿನಲ್ಲಿ 80.8%, ವಿಟ್ರೆಕ್ಟಮಿಯಲ್ಲಿ 93.2%. ಆದರೆ ವರ್ಷದ ಕೊನೆಗೆ ದೃಷ್ಟಿ ಚಾರ್ಟಿನಲ್ಲಿ ಗ್ಯಾಸ್ ಗುಂಪೇ ಸರಾಸರಿ ಸುಮಾರು ಐದು ಅಕ್ಷರ ಮುಂದಿತ್ತು, ಗೆರೆ ಸೊಟ್ಟಗೆ ಕಾಣುವ ತೊಂದರೆಯೂ ಅಲ್ಲಿ ಕಡಿಮೆ. ಅಂದರೆ ಐದರಲ್ಲಿ ಒಬ್ಬರು ಮತ್ತೆ ಒಟಿಗೆ ಹೋಗಬೇಕಾಗಬಹುದು, ಉಳಿದವರಿಗೆ ನೋಟದ ಗುಣಮಟ್ಟ ಮೇಲು. ಸೋಲುವುದು ಹೆಚ್ಚಾಗಿ ಮೊದಲೇ ಕಣ್ತಪ್ಪಿದ ತೂತಿನಿಂದ, ಇಲ್ಲವೇ ಗ್ಯಾಸ್ ಲೋಳೆಯನ್ನು ಎಳೆದು ಆದ ಹೊಸ ತೂತಿನಿಂದ. ಆದ್ದರಿಂದ ಮೊದಲ ವಾರದ ತಪಾಸಣೆಗಳನ್ನು ತಪ್ಪಿಸುವಂತಿಲ್ಲ. ಆಸ್ಪತ್ರೆಯಿಂದ ನೂರು ಕಿಲೋಮೀಟರ್ ದೂರದಲ್ಲಿದ್ದು ಪದೇಪದೇ ಬರಲಾಗದವರಿಗೆ ಈ ವಿಧಾನವನ್ನು ನಾವು ಶಿಫಾರಸು ಮಾಡುವುದಿಲ್ಲ.

ಬಕಲ್

ಕಣ್ಣುಗುಡ್ಡೆಯ ಹೊರಗೋಡೆಗೆ ಸಿಲಿಕಾನ್ ಪಟ್ಟಿ ಹೊಲಿದು, ಗೋಡೆಯನ್ನೇ ಒಳಕ್ಕೆ ಒತ್ತಿ ತೂತಿನ ಹತ್ತಿರ ತರುವುದು ಬಕಲ್. ಬೆಟ್ಟ ನಮ್ಮ ಹತ್ತಿರ ಬಾರದಿದ್ದರೆ ನಾವೇ ಬೆಟ್ಟದ ಹತ್ತಿರ ಹೋಗುವ ಉಪಾಯ.

ಕೆಲಸ ಹೊರಗಿನಿಂದ. ಬಿಳಿಗುಡ್ಡೆಯ ಮೇಲಿನ ತೆಳು ಪೊರೆಯನ್ನು ಸುತ್ತಲೂ ಬಿಡಿಸಿ, ಕಣ್ಣು ತಿರುಗಿಸುವ ನಾಲ್ಕು ಸ್ನಾಯುಗಳಿಗೆ ದಾರ ಹಾಕಿ ಹಿಡಿದುಕೊಳ್ಳುತ್ತಾರೆ. ಹಣೆದೀಪದಲ್ಲಿ ಒಳಗೆ ನೋಡುತ್ತಾ ಪ್ರತಿ ತೂತಿನ ಜಾಗವನ್ನು ಹೊರಗೋಡೆಯ ಮೇಲೆ ಗುರುತು ಮಾಡುತ್ತಾರೆ, ಕ್ರಯೋ ಕೊಡುತ್ತಾರೆ. ಆಮೇಲೆ ಆ ಜಾಗಕ್ಕೆ ಟೈರ್ ಎಂದು ಕರೆಯುವ ಅಗಲದ ಸಿಲಿಕಾನ್ ಪಟ್ಟಿ ಅಥವಾ ಸ್ಪಂಜು, ಬೇಕಿದ್ದರೆ ಅದರ ಮೇಲೆ ಕಣ್ಣಿನ ಸುತ್ತ 2.5 ಮಿಲಿಮೀಟರ್ ಅಗಲದ ಬ್ಯಾಂಡ್. ಹಿಂದೆ ನೀರು ಬಹಳ ನಿಂತಿದ್ದರೆ ಗೋಡೆಗೆ ಸಣ್ಣ ರಂಧ್ರ ಮಾಡಿ ಹೊರಗೆ ಬಿಡುತ್ತಾರೆ. ಇಡೀ ಆಪರೇಷನ್ನಿನಲ್ಲಿ ಅಪಾಯದ ಗಳಿಗೆ ಇದೇ. ರಂಧ್ರ ರಕ್ತನಾಳದ ಮೇಲೆ ಬಿದ್ದರೆ ಪರದೆಯ ಕೆಳಗೆ ರಕ್ತಸ್ರಾವ, ಇಲ್ಲವೇ ಪರದೆಯೇ ರಂಧ್ರಕ್ಕೆ ಸಿಕ್ಕಿಕೊಳ್ಳಬಹುದು.

ಬಕಲ್ ಎಂದರೆ ಹಳೇ ಕಾಲದ್ದು ಎಂಬ ಭಾವನೆ ಇದೆ. ಯುವಕರ ಕಣ್ಣಿನ ಮಟ್ಟಿಗೆ ಅದು ತಪ್ಪು. ಇಪ್ಪತ್ತೈದು ವರ್ಷದ ಹುಡುಗಿಯೊಬ್ಬಳ ಕಣ್ಣಿನಲ್ಲಿ ಲೋಳೆ ಇನ್ನೂ ಗಟ್ಟಿ ಇರುತ್ತದೆ, ಪರದೆಗೆ ಬಿಗಿಯಾಗಿ ಅಂಟಿರುತ್ತದೆ. ವಿಟ್ರೆಕ್ಟಮಿಯಲ್ಲಿ ಅದನ್ನು ಬಿಡಿಸಲು ಹೋಗಿ ಹೊಸ ತೂತು ಮಾಡುವ ಸಂಭವ ಹೆಚ್ಚು. ಸ್ವಂತ ಲೆನ್ಸ್ ಸ್ವಚ್ಛವಾಗಿರುತ್ತದೆ, ಅದನ್ನು ಕೆಡಿಸಿಕೊಳ್ಳಲು ಕಾರಣವಿಲ್ಲ. ಪರದೆಯ ಅಂಚು ತೆಳುವಾದ ಜಾಗದಲ್ಲಿನ ದುಂಡು ತೂತು, ಕೆಳಭಾಗದ ತೂತು, ಚೆಂಡಿನ ಪೆಟ್ಟು ಬಿದ್ದು ಪರದೆ ಬುಡದಲ್ಲೇ ಕಿತ್ತುಬಂದ ಡಯಾಲಿಸಿಸ್ (ಕಿಡ್ನಿಯದಲ್ಲ, ಹೆಸರು ಮಾತ್ರ ಒಂದೇ), ಇವೆಲ್ಲ ಬಕಲ್‌ಗೆ ಹೇಳಿ ಮಾಡಿಸಿದವು. ಯುರೋಪಿನ ಹಲವು ಕೇಂದ್ರಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಎಸ್‌ಪಿಆರ್ ಅಧ್ಯಯನದಲ್ಲಿ ಸ್ವಂತ ಲೆನ್ಸ್ ಇದ್ದ ಕಣ್ಣುಗಳಿಗೆ ಬಕಲ್‌ನಿಂದ ದೃಷ್ಟಿ ಮೇಲಾಗಿ ಬಂತು, ಲೆನ್ಸ್ ಹಾಕಿಸಿದ್ದ ಕಣ್ಣುಗಳಲ್ಲಿ ಪರದೆ ಅಂಟಿಸುವುದರಲ್ಲಿ ವಿಟ್ರೆಕ್ಟಮಿ ಮುಂದಾಯಿತು. ಆ ಗೆರೆ ಇಂದಿಗೂ ಹೆಚ್ಚುಕಡಿಮೆ ಹಾಗೇ ಇದೆ.

ಕಣ್ಣಿನೊಳಗೆ ಗ್ಯಾಸ್ ಹಾಕದಿದ್ದರೆ ಬೋರಲು ಮಲಗುವ ಗೋಳಿಲ್ಲ, ವಿಮಾನಕ್ಕೂ ಅಡ್ಡಿಯಿಲ್ಲ. ಬದಲಿಗೆ ತೆರಬೇಕಾದ್ದು ಬೇರೆ. ಮೊದಲ ವಾರದ ನೋವು ಮತ್ತು ಊತ ಉಳಿದೆರಡಕ್ಕಿಂತ ಹೆಚ್ಚು. ಸುತ್ತ ಬ್ಯಾಂಡ್ ಹಾಕಿದರೆ ಕಣ್ಣು ಉದ್ದವಾಗಿ ಮೈನಸ್ ನಂಬರ್ ಒಂದರಿಂದ ಮೂರರಷ್ಟು ಏರುತ್ತದೆ. ಹೊಸ ಕನ್ನಡಕವನ್ನು ಎರಡು ಮೂರು ತಿಂಗಳ ನಂತರ ಮಾಡಿಸುವುದು ಲೇಸು. ಸ್ನಾಯುವಿಗೆ ತೊಡಕಾಗಿ ಒಂದು ವಸ್ತು ಎರಡಾಗಿ ಕಾಣಬಹುದು, ಬಹುಪಾಲು ಜನರಲ್ಲಿ ತಾನಾಗಿ ಸರಿಹೋಗುತ್ತದೆ. ವರ್ಷಗಳ ನಂತರವೂ ಪಟ್ಟಿಗೆ ಸೋಂಕು ತಗುಲಬಹುದು: ಹೋಗದ ಕೆಂಪು, ಪಿಸುರು, ಬಿಳಿಗುಡ್ಡೆಯ ಅಂಚಿನಲ್ಲಿ ಇಣುಕುವ ಪಟ್ಟಿ. ಆಗ ತೆಗೆಯಬೇಕು. ಸಮಸ್ಯೆ ಇಲ್ಲದಿದ್ದರೆ ಪಟ್ಟಿ ಜೀವಮಾನವಿಡೀ ಅಲ್ಲೇ ಇರುತ್ತದೆ.

ಬಕಲ್ ಕೈಚಳಕದ ಆಪರೇಷನ್. ಹೊಸ ತಲೆಮಾರಿನ ಸರ್ಜನ್‌ಗಳಲ್ಲಿ ಅನೇಕರು ತರಬೇತಿಯಲ್ಲಿ ವಿಟ್ರೆಕ್ಟಮಿಯನ್ನೇ ಹೆಚ್ಚು ಮಾಡಿರುತ್ತಾರೆ. ಚಿಕ್ಕ ವಯಸ್ಸಿನವರಿಗೆ ನೇರವಾಗಿ ವಿಟ್ರೆಕ್ಟಮಿ ಹೇಳಿದರೆ 'ಬಕಲ್ ಯಾಕೆ ಆಗುವುದಿಲ್ಲ, ಸಾರ್?' ಎಂದು ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ಸರ್ಜನ್ ಚಿತ್ರ ತೋರಿಸಿ ಕಾರಣ ಹೇಳುತ್ತಾರೆ, ಇಲ್ಲವೇ ಬಕಲ್ ಮಾಡುವ ಸಹೋದ್ಯೋಗಿಯ ಹತ್ತಿರ ಕಳಿಸುತ್ತಾರೆ.

ವಿಟ್ರೆಕ್ಟಮಿ

ಈಗ ಹೆಚ್ಚಾಗಿ ನಡೆಯುವುದು ಇದೇ. ಬಿಳಿಗುಡ್ಡೆಯಲ್ಲಿ ಮೂರು ಸೂಕ್ಷ್ಮ ದ್ವಾರ: ಒಂದರಲ್ಲಿ ಸಲೈನ್, ಒಂದರಲ್ಲಿ ದೀಪ, ಒಂದರಲ್ಲಿ ಕತ್ತರಿಸುತ್ತಾ ಹೀರುವ ಕಟರ್. 23 ಗೇಜ್ ಎಂದರೆ ದ್ವಾರ ಸುಮಾರು 0.6 ಮಿಲಿಮೀಟರ್, 25 ಗೇಜ್ ಎಂದರೆ 0.5. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. 23 ಮೇಲೋ 25 ಮೇಲೋ ಎಂದು ರೋಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅದು ಸರ್ಜನ್‌ನ ಕೈಗೆ ಬಿಟ್ಟದ್ದು.

ಲೋಳೆಯನ್ನು ತೆಗೆದು ಎಳೆತವನ್ನೇ ಇಲ್ಲವಾಗಿಸಿ, ಹಿಂದಿನ ನೀರನ್ನು ಹೀರಿ, ಅಗತ್ಯವಿದ್ದರೆ ನೀರಿಗಿಂತ ಭಾರದ ಪರ್ಫ್ಲೂರೋಕಾರ್ಬನ್ ದ್ರವ ಬಿಟ್ಟು ಪರದೆಯನ್ನು ಹಾಸಿದಂತೆ ಕೂರಿಸಿ, ತೂತಿನ ಸುತ್ತ ಲೇಸರ್ ಮಾಡುತ್ತಾರೆ. ಕೊನೆಗೆ ಗಾಳಿ ತುಂಬಿ, ಅದರ ಬದಲಿಗೆ ಗ್ಯಾಸ್ ಅಥವಾ ಸಿಲಿಕಾನ್ ಎಣ್ಣೆ. ಭಾರದ ದ್ರವವನ್ನು ಅದೇ ಮೇಜಿನ ಮೇಲೆ ಪೂರ್ತಿ ತೆಗೆಯಬೇಕು.

ಪೊರೆ ತೆಗೆಸಿ ಲೆನ್ಸ್ ಹಾಕಿಸಿದ ಕಣ್ಣು, ಹಲವು ಕಡೆ ಚದುರಿದ ತೂತುಗಳು, ಹಿಂಬದಿಯ ತೂತು, ದೊಡ್ಡ ಹರಕು, ಒಳಗೆ ರಕ್ತ, ಪರದೆ ಮಡಿಚಿ ಬಿಗಿದಿರುವುದು, ಇವಕ್ಕೆಲ್ಲ ವಿಟ್ರೆಕ್ಟಮಿಯೇ. ತೊಂದರೆ ಏನೆಂದರೆ ಸ್ವಂತ ಲೆನ್ಸ್ ಇರುವ ಐವತ್ತು ದಾಟಿದವರಲ್ಲಿ ಬಹುತೇಕರಿಗೆ ಎರಡು ವರ್ಷದೊಳಗೆ ಪೊರೆ ಬರುತ್ತದೆ. ಹಾಗಾಗಿ ಆ ವಯಸ್ಸಿನವರು ಪೊರೆ ಆಪರೇಷನ್ನಿನ ಖರ್ಚನ್ನೂ ಇದಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಕೆಲವೊಮ್ಮೆ ಎರಡನ್ನೂ ಒಟ್ಟಿಗೇ ಮಾಡುತ್ತಾರೆ.

ಗ್ಯಾಸೋ, ಎಣ್ಣೆಯೋ

ವಿಟ್ರೆಕ್ಟಮಿಗೆ ಒಪ್ಪಿದ ಮೇಲೆ ಬರುವ ಈ ಪ್ರಶ್ನೆಯನ್ನು ರೋಗಿಗಳು ಅಷ್ಟಾಗಿ ಕೇಳುವುದೇ ಇಲ್ಲ. ದಿನನಿತ್ಯದ ಬದುಕಿನ ಮೇಲೆ ಹೆಚ್ಚು ಪರಿಣಾಮ ಬೀರುವುದು ಇದೇ.

ಗ್ಯಾಸ್ ತಾನಾಗಿ ಕರಗುತ್ತದೆ, ಎರಡನೆಯ ಆಪರೇಷನ್ ಬೇಡ. ಇಲ್ಲಿ ಕೊಡುವುದು ಹಿಗ್ಗದ ಮಿಶ್ರಣ: ಎಸ್ಎಫ್6 ಆದರೆ 20%, ಸಿ3ಎಫ್8 ಆದರೆ 14%ರ ಆಸುಪಾಸು, ಉಳಿದದ್ದು ಗಾಳಿ. ಮಿಶ್ರಣದ ಅಳತೆ ತಪ್ಪಿದರೆ ಆ ರಾತ್ರಿಯೇ ಒತ್ತಡ ಏರುತ್ತದೆ. ಆದ್ದರಿಂದ ಆಪರೇಷನ್ ದಿನ ರಾತ್ರಿ ವಾಂತಿಯೊಂದಿಗೆ ತಡೆಯಲಾಗದ ಕಣ್ಣುನೋವು ಬಂದರೆ ನೋವಿನ ಮಾತ್ರೆ ನುಂಗಿ ಬೆಳಗಾಗಲಿ ಎನ್ನಬಾರದು, ಆಸ್ಪತ್ರೆಯ ತುರ್ತು ನಂಬರಿಗೆ ಫೋನ್ ಮಾಡಬೇಕು. ಗ್ಯಾಸ್ ತುಂಬಿದ ಕಣ್ಣಿಗೆ ಮೊದಮೊದಲು ಕೈ ಅಲ್ಲಾಡಿದ್ದಷ್ಟೇ ಕಾಣುತ್ತದೆ. ಅರ್ಧ ಕರಗಿದ ಮೇಲೆ ನೋಟದಲ್ಲಿ ಅಡ್ಡಗೆರೆಯೊಂದು ಮೂಡಿ, ತಲೆ ವಾಲಿಸಿದರೂ ಮಟ್ಟಸವಾಗಿಯೇ ನಿಲ್ಲುತ್ತದೆ. ದಿನದಿಂದ ದಿನಕ್ಕೆ ಅದು ಕೆಳಗಿಳಿದು ಕೊನೆಗೆ ಸಣ್ಣ ಗುಂಡಾಗಿ ಮಾಯವಾಗುತ್ತದೆ. ಅಲ್ಲಿಯವರೆಗೆ ಅಂಗಾತ ಮಲಗಬಾರದು. ಗುಳ್ಳೆ ಲೆನ್ಸಿಗೆ ತಾಗಿ ಪೊರೆ ಕಟ್ಟುತ್ತದೆ, ಒತ್ತಡವೂ ಏರುತ್ತದೆ.

ವಿಮಾನ ಬೇಡ ಎಂಬುದನ್ನು ಎಲ್ಲರೂ ಹೇಳುತ್ತಾರೆ. ವಿಮಾನದ ಒಳಗಿನ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತದೆ. ಗುಳ್ಳೆ ಹಿಗ್ಗಿ, ರಕ್ತನಾಳ ಮುಚ್ಚಿ, ಕಣ್ಣು ಶಾಶ್ವತವಾಗಿ ಕುರುಡಾಗಬಹುದು. ಬೆಂಗಳೂರಿನವರು ಮರೆಯುವುದು ರಸ್ತೆಯ ಎತ್ತರವನ್ನು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಆಪರೇಷನ್ ಮಾಡಿಸಿಕೊಂಡು ಮೈಸೂರು, ತುಮಕೂರು, ಹಾಸನಕ್ಕೆ ಹೋಗುವುದರಲ್ಲಿ ಹೆಚ್ಚು ಏರಿಳಿತವಿಲ್ಲ. ನಂದಿಬೆಟ್ಟ 1,478 ಮೀಟರ್, ಮುಳ್ಳಯ್ಯನಗಿರಿ 1,900 ದಾಟುತ್ತದೆ, ಊಟಿ 2,200ರ ಮೇಲೆ. ಗುಳ್ಳೆ ಕರಗುವವರೆಗೆ ಇವು ಯಾವುವೂ ಬೇಡ. ಇನ್ನೂ ಮುಖ್ಯವಾದದ್ದು ಉಲ್ಟಾ ದಾರಿ: ಮಂಗಳೂರಿನಲ್ಲೋ ಚೆನ್ನೈನಲ್ಲೋ ಗ್ಯಾಸ್ ಹಾಕಿಸಿಕೊಂಡು ಬೆಂಗಳೂರಿನ ಮನೆಗೆ ಬಸ್ಸಿನಲ್ಲಿ ಬಂದರೂ 900 ಮೀಟರ್ ಹತ್ತಿದ ಹಾಗೇ. ಆ ಎತ್ತರಕ್ಕೆ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಇಳಿಯುತ್ತದೆ, ಗುಳ್ಳೆ ಅಷ್ಟೇ ಹಿಗ್ಗುತ್ತದೆ. ಕರಾವಳಿಯಲ್ಲಿ ಆಪರೇಷನ್ ಆದವರು ಊರಿಗೆ ಯಾವಾಗ ಹೊರಡಬಹುದೆಂದು ಸರ್ಜನ್‌ನನ್ನೇ ಕೇಳಿ ಹೊರಡಬೇಕು. ದಾರಿಯಲ್ಲಿ ಕಣ್ಣು ನೋಯತೊಡಗಿದರೆ ಅಥವಾ ನೋಟ ಕಪ್ಪಾದರೆ ಮುಂದೆ ಹತ್ತದೆ ಕೆಳಗಿಳಿಯಬೇಕು.

ಕಣ್ಣಿನಲ್ಲಿ ಗ್ಯಾಸ್ ಇದೆ ಎಂದು ತಿಳಿಸಲು ಕೈಗೆ ಕಟ್ಟುವ ಪಟ್ಟಿಯನ್ನು ಕಿತ್ತುಹಾಕಬೇಡಿ. ಈ ನಡುವೆ ಬೇರೆ ಯಾವುದಾದರೂ ಆಪರೇಷನ್ ಬಂದು ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಕೊಟ್ಟರೆ ಗುಳ್ಳೆ ನಿಮಿಷಗಳಲ್ಲಿ ಹಿಗ್ಗುತ್ತದೆ. ಹಲ್ಲಿನ ಕ್ಲಿನಿಕ್ಕಿನಲ್ಲೂ ಹೇಳಿ.

ಎಣ್ಣೆ ತಾನಾಗಿ ಹೋಗುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೆ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು. ಬಹಳ ಕಾಲ ಬಿಟ್ಟರೆ ಸಣ್ಣ ಹನಿಗಳಾಗಿ ಒಡೆದು ಕಣ್ಣಿನ ನೀರು ಹೊರಹೋಗುವ ದಾರಿಗೆ ಕಟ್ಟಿ ಗ್ಲಾಕೋಮಾ ತರುತ್ತದೆ, ಕರಿಗುಡ್ಡೆಯನ್ನೂ ಮಬ್ಬಾಗಿಸಬಹುದು. ಎಣ್ಣೆ ಇರುವಷ್ಟು ದಿನ ನಂಬರ್ ಪ್ಲಸ್ ಕಡೆಗೆ ಬಹಳ ವಾಲಿರುತ್ತದೆ, ಆಗ ದುಬಾರಿ ಕನ್ನಡಕ ಮಾಡಿಸುವುದು ದಂಡ. 'ಕಣ್ಣು ಚೆನ್ನಾಗೇ ಇದೆಯಲ್ಲ' ಎಂದು ಎಣ್ಣೆ ತೆಗೆಸಲು ಬಾರದೆ ಉಳಿದು, ಒತ್ತಡದಿಂದ ನರ ಒಣಗಿದ ಮೇಲೆ ಬರುವವರು ಇದ್ದಾರೆ. ಡಿಸ್ಚಾರ್ಜ್ ದಿನವೇ ಎಣ್ಣೆ ತೆಗೆಸುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಹಾಗಿದ್ದರೂ ಎಣ್ಣೆಯೇ ಸರಿಯಾಗುವ ಸಂದರ್ಭಗಳಿವೆ. ಪರದೆ ಮಡಿಚಿ ಬಿಗಿದಿರುವುದು, ದೊಡ್ಡ ಹರಕು, ಒಂದು ಸಲ ಸೋತ ಕಣ್ಣು, ಭಂಗಿ ಹಿಡಿಯಲಾಗದ ಮಕ್ಕಳು ಮತ್ತು ವಯಸ್ಸಾದವರು, ವಿಮಾನ ಹತ್ತಲೇಬೇಕಾದವರು, ಇನ್ನೊಂದು ಕಣ್ಣು ಆಗಲೇ ಹೋಗಿದ್ದು ಗ್ಯಾಸಿನ ವಾರಗಳಲ್ಲಿ ಏನೂ ಕಾಣದೆ ಕೂರಲಾಗದವರು. ತಡವಾಗಿ ಬರುವ ಕೇಸುಗಳು ಹೆಚ್ಚಿರುವ ಕಡೆ ಎಣ್ಣೆ ಹೆಚ್ಚು ಬಳಕೆಯಾಗುವುದು ಸಹಜ. ಆದರೆ ತಾಜಾ ಕಳಚುವಿಕೆ, ಮೇಲಿನ ಒಂದೇ ತೂತು ಇರುವ ಕಣ್ಣಿಗೂ ಎಣ್ಣೆ ಎಂದರೆ ಕಾರಣ ಕೇಳಲೇಬೇಕು.

ಎಲ್ಲಿ, ಎಷ್ಟು

ಚಾಮರಾಜಪೇಟೆಯ ಮಿಂಟೋ ಕಣ್ಣಿನ ಆಸ್ಪತ್ರೆ ಬೆಂಗಳೂರು ಮೆಡಿಕಲ್ ಕಾಲೇಜಿಗೆ ಸೇರಿದ ಸರ್ಕಾರಿ ಆಸ್ಪತ್ರೆ. ಖಾಸಗಿಯಲ್ಲಿ ರಾಜಾಜಿನಗರದ ನಾರಾಯಣ ನೇತ್ರಾಲಯ, ಟ್ರಸ್ಟ್ ಆಸ್ಪತ್ರೆಗಳಲ್ಲಿ ಕುಂದಲಹಳ್ಳಿ ಗೇಟ್ ಬಳಿಯ ಶಂಕರ ಕಣ್ಣಿನ ಆಸ್ಪತ್ರೆ ಹೀಗೆ ರೆಟಿನಾ ವಿಭಾಗವಿರುವ ಆಸ್ಪತ್ರೆಗಳು ಊರಲ್ಲಿ ಹಲವಿವೆ. ಮ್ಯಾಕುಲಾ ಉಳಿದಿದ್ದರೆ ಹೆಸರಿಗಿಂತ ಮುಖ್ಯವಾದ ಪ್ರಶ್ನೆ 'ಇವತ್ತು ಅಥವಾ ನಾಳೆ ಒಟಿ ಸಿಗುತ್ತದೆಯೇ' ಎಂಬುದು. ಹೊರಡುವ ಮೊದಲು ಫೋನ್ ಮಾಡಿ 'ರೆಟಿನಲ್ ಡಿಟ್ಯಾಚ್‌ಮೆಂಟ್, ಮ್ಯಾಕುಲಾ ಆನ್' ಎಂದು ಇದೇ ಪದಗಳಲ್ಲಿ ಹೇಳಿ, ರಿಸೆಪ್ಷನ್ನಿನವರು ಮುಂದಿನ ವಾರದ ಅಪಾಯಿಂಟ್‌ಮೆಂಟ್ ಕೊಡದೆ ಡಾಕ್ಟರಿಗೆ ಕರೆ ದಾಟಿಸುತ್ತಾರೆ. ಹೊಟ್ಟೆಗೆ ಏನು ಯಾವಾಗ ತಿಂದಿರಿ ಎಂಬುದನ್ನು ನೆನಪಿಟ್ಟುಕೊಳ್ಳಿ. ಸಕ್ಕರೆ, ಬಿಪಿ, ರಕ್ತ ತೆಳುಮಾಡುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ, ಆ ಮಾತ್ರೆಗಳನ್ನು ಕೇಳದೆ ನಿಲ್ಲಿಸಬೇಡಿ.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30% ನೆರವು ಎಂದು ನಿಗದಿಯಾಗಿತ್ತು. ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ. ನೀವು ಹೋಗುವ ಆಸ್ಪತ್ರೆ ಯೋಜನೆಯಲ್ಲಿದೆಯೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಎಂಬುದನ್ನು ಅಲ್ಲಿನ ಆರೋಗ್ಯಮಿತ್ರರ ಕೌಂಟರಿನಲ್ಲಿ ವಿಚಾರಿಸಿ.

ಕೈಯಿಂದ ಕಟ್ಟುವವರು ಎಸ್ಟಿಮೇಟ್ ಕೇಳುವಾಗ ಸಾಲು ಸಾಲಾಗಿ ಕೇಳಬೇಕು. ಮೂರರಲ್ಲಿ ಗ್ಯಾಸ್ ಇಂಜೆಕ್ಷನ್ ಅಗ್ಗ. ಬಕಲ್‌ಗೆ ಒಮ್ಮೆ ಬಳಸಿ ಎಸೆಯುವ ಸಾಮಾನು ಕಡಿಮೆ. ವಿಟ್ರೆಕ್ಟಮಿಯಲ್ಲಿ ಕಟರ್ ಪ್ಯಾಕ್, ಭಾರದ ದ್ರವ, ಲೇಸರ್ ಪ್ರೋಬ್, ಎಣ್ಣೆ ಸೇರಿ ಬಿಲ್ ಏರುತ್ತದೆ. ಎಣ್ಣೆ ಹಾಕುವುದಾದರೆ ತೆಗೆಯುವ ಆಪರೇಷನ್ ಈ ಮೊತ್ತದಲ್ಲಿ ಸೇರಿದೆಯೇ, ಮುಂದೆ ಬರುವ ಪೊರೆಗೆ ಲೆನ್ಸ್ ಬೇರೆಯೇ, ಪರದೆ ಮತ್ತೆ ಬಿಟ್ಟರೆ ಎರಡನೆಯ ಸಲದ ದರ ಏನು, ಈ ಮೂರನ್ನು ಬರೆಸಿಕೊಳ್ಳಿ. ವಿಮೆ ಇದ್ದರೆ ಎಣ್ಣೆ ತೆಗೆಸುವುದನ್ನು ಬೇರೆ ಕ್ಲೇಮ್ ಎಂದು ನೋಡುತ್ತಾರೆಯೇ ಎಂದೂ ಕೇಳಿಡಿ.

ಆದ ಮೇಲೆ

ಯಾವ ವಿಧಾನವಾದರೂ ಮತ್ತೆ ಕಳಚಲು ದೊಡ್ಡ ಕಾರಣ ಒಂದೇ: ಪರದೆಯ ಮೇಲೆ ಗಾಯದ ಅಂಗಾಂಶ ಬೆಳೆದು ಮಡಿಚುವುದು. ಇದು ಸಾಮಾನ್ಯವಾಗಿ ನಾಲ್ಕರಿಂದ ಎಂಟನೆಯ ವಾರದ ಹೊತ್ತಿಗೆ ತಲೆ ಎತ್ತುತ್ತದೆ, ಅಂದರೆ ನೋವೆಲ್ಲ ಹೋಗಿ, ರಜೆ ಮುಗಿದು, ಜನ ತಪಾಸಣೆ ಬಿಡುವ ಹೊತ್ತಿಗೇ. ಗ್ಯಾಸ್ ಕರಗಿದಂತೆ ನೋಟ ತಿಳಿಯಾಗುತ್ತಾ ಬರಬೇಕು, ಮತ್ತೆ ಬದಿಯಿಂದ ಕತ್ತಲೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬಾರದು. ಹನಿ ಔಷಧಿಯಲ್ಲಿ ಸ್ಟೀರಾಯ್ಡ್ ಇರುತ್ತದೆ, ಕೆಲವರಲ್ಲಿ ಅದೇ ಒತ್ತಡ ಏರಿಸುತ್ತದೆ, ಆದ್ದರಿಂದ ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ತಂದು ತಿಂಗಳುಗಟ್ಟಲೆ ಹಾಕುತ್ತಾ ಹೋಗಬೇಡಿ. ಒಂದು ಕಣ್ಣಿನ ನೋಟದಲ್ಲಿ ಆಳದ ಅಂದಾಜು ಸಿಗುವುದಿಲ್ಲ, ಸರ್ಜನ್ ಒಪ್ಪುವವರೆಗೆ ಸ್ಕೂಟರ್ ಬೇಡ. ಮೆಟ್ಟಿಲಿಳಿಯುವಾಗ, ಬಿಸಿ ನೀರು ಬಗ್ಗಿಸುವಾಗಲೂ ಎಚ್ಚರ ಬೇಕು.

ಇನ್ನೊಂದು ಕಣ್ಣನ್ನೂ ಅದೇ ವಾರ ಹನಿ ಹಾಕಿ ಅಂಚಿನವರೆಗೆ ನೋಡಿಸಬೇಕು. ಒಂದರಲ್ಲಿ ಕಳಚಿದವರಿಗೆ ಎರಡನೆಯದರಲ್ಲೂ ತೆಳುವಾದ ಜಾಗ, ಸದ್ದಿಲ್ಲದ ತೂತು ಸಿಗುವುದು ಅಪರೂಪವಲ್ಲ. ತೂತು ಸಿಕ್ಕರೆ ಅದಕ್ಕೆ ಹತ್ತು ಹದಿನೈದು ನಿಮಿಷದ ಲೇಸರ್ ಸಾಕು. ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಂಜಾಗಿರುತ್ತದೆ, ಬಿಸಿಲು ಚುಚ್ಚುತ್ತದೆ. ಆಪರೇಷನ್ ಆದ ಕಣ್ಣೂ ಮುಚ್ಚಿರುವುದರಿಂದ ಆ ದಿನ ಜೊತೆಗೊಬ್ಬರು ಇರಲೇಬೇಕು.